ಓದುಗರ ಪ್ರಶ್ನೆಗೆ ಉತ್ತರ: ‘ಪಾಪ ಅನ್ನಿಸಿತು’ ಎಂದವನ ಅಪರಾಧ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಪರಿಚಯಿಸಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕೇಳುತ್ತವೆ: ವರ್ಣದ್ವೇಷವು ಈ ಕೃತಿಯ ಪಾತ್ರಗಳನ್ನು ಏನು ಮಾಡುತ್ತದೆ? ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕೃತಿಯನ್ನು ಓದಿರದವರಿಗಾಗಿ ಎರಡು ಮಾತು. 1960ರಲ್ಲಿ ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಕಾದಂಬರಿಯ ಕಥೆ ನಡೆಯುವುದು 1933ರಿಂದ 1935ರ ನಡುವೆ, ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಾಲ್ಪನಿಕ ಊರಿನಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಕಾರನ ಮೇಲೆ ಮಯೆಲ್ಲಾ ಯೂವೆಲ್ ಎಂಬ ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಬರುತ್ತದೆ. ನ್ಯಾಯಾಲಯವು ನೇಮಿಸಿದ ಆಟಿಕಸ್ ಫಿಂಚ್ ಎಂಬ ಬಿಳಿಯ ವಕೀಲರು ಅವನ ಪರವಾಗಿ ವಾದಿಸುತ್ತಾರೆ. ಆದರೂ ಜ್ಯೂರಿ, ಅಂದರೆ ನಾಗರಿಕರಲ್ಲಿ ಆರಿಸಿದ ಹನ್ನೆರಡು ಮಂದಿ ತೀರ್ಪುಗಾರರ ಮಂಡಳಿ, ಅವನನ್ನು ತಪ್ಪಿತಸ್ಥನೆನ್ನುತ್ತದೆ. ಕಥೆಯನ್ನು ಹೇಳುವವಳು ವಕೀಲರ ಮಗಳು ಸ್ಕೌಟ್. ಆರಂಭದಲ್ಲಿ ಅವಳಿಗೆ ಇನ್ನೂ ಆರು ತುಂಬಿರುವುದಿಲ್ಲ. ಜೆಮ್ ಅವಳ ಅಣ್ಣ.

ಪ್ರಶ್ನೆ: ಟಾಮ್‌ನ ಎಡಗೈಯಲ್ಲಿ ಬಲವೇ ಇಲ್ಲ. ಮಯೆಲ್ಲಾಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಅವಳ ತಂದೆ ಎಡಚ. ಮಕ್ಕಳಿಗೂ ಅರ್ಥವಾಗುವ ಈ ಲೆಕ್ಕ ಹನ್ನೆರಡು ಮಂದಿ ಜ್ಯೂರಿಗಳಿಗೆ ಏಕೆ ಅರ್ಥವಾಗಲಿಲ್ಲ? ‘ಪೂರ್ವಗ್ರಹ’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಆದರೆ ನನಗೆ ಸಮಾಧಾನವಾಗುತ್ತಿಲ್ಲ.
– ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಅವರಿಗೆ ಅರ್ಥವಾಗಿತ್ತು ಎಂದೇ ನಾನು ಓದುತ್ತೇನೆ. ಅರ್ಥವಾಗದೆ ಹೋಗಿದ್ದರೆ ಅವರು ಒಳಗೆ ಹೋದವರು ಐದು ನಿಮಿಷಕ್ಕೆ ಹೊರಗೆ ಬರುತ್ತಿದ್ದರು. ಅಂಥ ಮೊಕದ್ದಮೆಗಳಲ್ಲಿ ನಡೆಯುತ್ತಿದ್ದುದು ಅಷ್ಟೇ ಎಂದು ಆಟಿಕಸ್ ಅವರೇ ಆಮೇಲೆ ಮಗನಿಗೆ ಹೇಳುತ್ತಾರೆ. ಆದರೆ ಈ ಜ್ಯೂರಿ ಗಂಟೆಗಟ್ಟಲೆ ಕುಳಿತಿತು. ತೀರ್ಪು ಬರುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಕನ್ನಿಂಗ್‌ಹ್ಯಾಮ್ ಮನೆತನಕ್ಕೆ ಸೇರಿದ ಒಬ್ಬ ರೈತನಂತೂ ಮೊದಲಿಗೆ ಬಿಡುಗಡೆಯ ಪರವಾಗಿಯೇ ನಿಂತಿದ್ದ. ಸಾಕ್ಷ್ಯ ತಲೆಗೆ ಹತ್ತಿತ್ತು, ತೀರ್ಪು ಮಾತ್ರ ಬೇರೆ ಕಡೆಯಿಂದ ಬಂದಿತು. ಆ ‘ಬೇರೆ ಕಡೆ’ ಯಾವುದೆಂದು ನೋಡಬೇಕಾದರೆ ಹತ್ತೊಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಟಾಮ್‌ಗೆ ಇಪ್ಪತ್ತೈದು ವರ್ಷ, ಹೆಂಡತಿ ಮತ್ತು ಮೂವರು ಮಕ್ಕಳಿದ್ದಾರೆ. ಹುಡುಗನಾಗಿದ್ದಾಗ ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಹರಿದುಹೋದ ಅವನ ಎಡಗೈ ಬಲಗೈಗಿಂತ ಸುಮಾರು ಒಂದು ಅಡಿ ಗಿಡ್ಡ. ಪ್ರಮಾಣವಚನಕ್ಕೆಂದು ಬೈಬಲ್‌ನ ಮೇಲೆ ಇಟ್ಟ ಆ ಕೈ ಜಾರಿ ಜಾರಿ ಕೆಳಗೆ ಬೀಳುತ್ತದೆ. ಬಲಗೈಯಿಂದ ಎತ್ತಿ ಇಟ್ಟರೂ ನಿಲ್ಲುವುದಿಲ್ಲ. ಕೊನೆಗೆ ನ್ಯಾಯಾಧೀಶರೇ ‘ಸಾಕು ಟಾಮ್’ ಎನ್ನುತ್ತಾರೆ. ವಾದ ಮಾಡದೆಯೇ ಗೆದ್ದ ಸಾಕ್ಷ್ಯವದು. ಅಲ್ಲಿಂದ ಮುಂದೆ ಅವನು ಹೇಳುವ ಕಥೆಯೂ ಸರಳವೇ: ಕೆಲಸಕ್ಕೆ ಹೋಗುವ ದಾರಿ ಯೂವೆಲ್‌ಗಳ ಬೇಲಿಯ ಪಕ್ಕದಲ್ಲೇ ಇತ್ತು, ಮಯೆಲ್ಲಾ ಕರೆದಾಗಲೆಲ್ಲ ಹೋಗಿ ಕಟ್ಟಿಗೆ ಒಡೆದುಕೊಟ್ಟ, ನೀರು ತಂದುಕೊಟ್ಟ, ಒಮ್ಮೆ ಒಂದು ಹಳೆಯ ಬಟ್ಟೆ ಬೀರುವನ್ನು ಕಡಿದುಕೊಟ್ಟ, ಅವಳು ಐದು ಸೆಂಟಿನ ನಾಣ್ಯ ಕೊಡಲು ಬಂದರೆ ಬೇಡವೆಂದ.

ಸರ್ಕಾರಿ ವಕೀಲ ಗಿಲ್ಮರ್ ಹಿಡಿಯುವುದು ಈ ‘ಬೇಡ’ವನ್ನೇ. ಒಂದು ಕಾಸೂ ತೆಗೆದುಕೊಳ್ಳದೆ ಇಷ್ಟೆಲ್ಲ ಮಾಡಿದೆಯಾ, ಬಹಳ ಒಳ್ಳೆಯವನು ನೀನು, ಅಲ್ಲವೇ ಎಂದು ಕೆಣಕುತ್ತಾನೆ. ಟಾಮ್ ನಿಜವನ್ನೇ ಹೇಳುತ್ತಾನೆ: ಆ ಮನೆಯಲ್ಲಿ ಉಳಿದವರಾರೂ ಅವಳಿಗೆ ಕೈಜೋಡಿಸುತ್ತಿರಲಿಲ್ಲ, ನನಗೆ ಅವಳನ್ನು ಕಂಡು ಪಾಪ ಅನ್ನಿಸಿತು. ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ತಪ್ಪಾಯಿತೆಂದು ಅವನಿಗೆ ಗೊತ್ತಾಗುತ್ತದೆ, ಕುರ್ಚಿಯಲ್ಲೇ ಮಿಸುಕಾಡುತ್ತಾನೆ. ಗಿಲ್ಮರ್ ಅದೇ ಮಾತನ್ನು ಎರಡು ಸಲ ಎತ್ತಿ ಆಡಿ, ಕೆಳಗೆ ಕುಳಿತವರ ಎದೆಗೆ ಅದು ಇಳಿಯಲೆಂದು ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ನನ್ನ ಮಟ್ಟಿಗೆ ಟಾಮ್ ಸೋತದ್ದು ಅಲ್ಲಿ. ಜ್ಯೂರಿ ಒಳಕ್ಕೆ ಹೋದದ್ದು, ಹೊತ್ತು ಕಳೆದದ್ದು, ತೀರ್ಪು ಓದಿದ್ದು ಎಲ್ಲವೂ ಅದರ ನಂತರದ ಕಾರ್ಯವಿಧಿ.

ನಮ್ಮ ಭಾಷೆಯಲ್ಲಿ ಕನಿಕರಕ್ಕೂ ಪಾತಕಕ್ಕೂ ‘ಪಾಪ’ ಎಂಬ ಒಂದೇ ಪದವಿರುವುದು ಆಕಸ್ಮಿಕವೋ ಏನೋ, ಈ ದೃಶ್ಯವನ್ನು ಕನ್ನಡದಲ್ಲಿ ಯೋಚಿಸಿಕೊಂಡಾಗ ಮೈ ಜುಮ್ಮೆನ್ನುತ್ತದೆ. ಟಾಮ್‌ಗೆ ಪಾಪ ಅನ್ನಿಸಿದ್ದೇ ಅವನ ಪಾಪವಾಯಿತು. ಮೇಕೋಂಬ್‌ನ ನಂಬಿಕೆಯ ಪ್ರಕಾರ ಕನಿಕರವೆಂಬುದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯತಕ್ಕದ್ದು. ಬಿಳಿಯರು ಕಪ್ಪು ಜನರ ಮೇಲೆ ಕನಿಕರ ತೋರಬಹುದು, ಹಬ್ಬಕ್ಕೆ ಹಳೆಯ ಬಟ್ಟೆ ಕೊಡಬಹುದು. ಕಪ್ಪು ಕೂಲಿಕಾರನೊಬ್ಬ ಬಿಳಿಯ ಹುಡುಗಿಯನ್ನು ಕಂಡು ಅಯ್ಯೋ ಎಂದರೆ, ಅವಳಿಗಿಂತ ತಾನು ಒಂದು ಮೆಟ್ಟಿಲು ಮೇಲಿದ್ದೇನೆಂದು ಅವನು ಸಾರಿದಂತಾಯಿತು. ಅತ್ಯಾಚಾರದ ಆರೋಪವನ್ನು ನಂಬದ ಜ್ಯೂರಿಯೂ ಈ ಸೊಕ್ಕನ್ನು ಕ್ಷಮಿಸಲಾರದು.

ಇನ್ನೂ ಒಂದು ಸಣ್ಣ ಸಂಗತಿಯನ್ನು ಗಮನಿಸಿ. ಹಾಗಾದರೆ ಮಯೆಲ್ಲಾ ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಗಿಲ್ಮರ್ ಕೇಳಿದಾಗ ಟಾಮ್ ‘ಹೌದು’ ಎನ್ನುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುವುದಿಲ್ಲ, ಅವರ ಮನಸ್ಸಿಗೆ ಏನೋ ತಪ್ಪು ತೋಚಿದೆ ಎಂದಷ್ಟೇ ಹೇಳುತ್ತಾನೆ, ಅದೂ ಮತ್ತೆ ಮತ್ತೆ. ಪ್ರಾಣ ಹೋಗುವ ಆರೋಪ ಹೊತ್ತವನು ‘ಅದು ಸುಳ್ಳು’ ಎಂಬ ಎರಡೇ ಪದಗಳನ್ನು ಬಾಯಿಗೆ ತರಲಾರ. ಬಿಳಿಯ ಹೆಣ್ಣನ್ನು ಸುಳ್ಳಿ ಎನ್ನುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರವಿಲ್ಲದ ಮೇಲೆ ತಾನು ನಿರಪರಾಧಿ ಎಂದು ಹೇಳಿಕೊಳ್ಳುವ ದಾರಿಯೂ ಇಲ್ಲ. ಪೂರ್ವಗ್ರಹವೆಂದರೆ ನೋಡುವವರ ಕಣ್ಣಿಗೆ ಬಂದ ಪೊರೆ ಎಂದು ಪಠ್ಯಪುಸ್ತಕಗಳು ವಿವರಿಸುತ್ತವೆ. ಈ ಕಾದಂಬರಿಯಲ್ಲಿ ಅದು ಆರೋಪಿಯ ನಾಲಿಗೆಯ ಮೇಲೂ ಕುಳಿತಿದೆ. ಪರೀಕ್ಷೆಯಲ್ಲಿ ಇದನ್ನು ಬರೆದು ನೋಡಿ.

ಪ್ರಶ್ನೆ: ಮಯೆಲ್ಲಾಳನ್ನು ದ್ವೇಷಿಸಬೇಕೋ ಮರುಗಬೇಕೋ ತಿಳಿಯದೆ ಪುಸ್ತಕ ಮುಚ್ಚಿದೆ. ಅವಳ ಸುಳ್ಳಿನಿಂದ ಒಬ್ಬನ ಜೀವ ಹೋಯಿತು. ಆದರೂ ಆ ಹೂಕುಂಡಗಳು ಕಣ್ಣಿನಿಂದ ಮರೆಯಾಗುತ್ತಿಲ್ಲ.
– ಗೃಹಿಣಿ, ಪುತ್ತೂರು

ಉತ್ತರ: ಊರಿನ ಕಸ ಸುರಿಯುವ ತಿಪ್ಪೆಯ ಹಿಂದೆ, ಹಿಂದೊಮ್ಮೆ ಕಪ್ಪು ಜನರು ವಾಸವಿದ್ದ ಗುಡಿಸಲಿನಲ್ಲಿ ಯೂವೆಲ್‌ಗಳ ಬಿಡಾರ. ಆ ಅಂಗಳದ ಒಂದು ಮೂಲೆಯಲ್ಲಿ, ಎನಾಮಲ್ ಎದ್ದುಹೋದ ಆರು ಹಳೆಯ ಪಾತ್ರೆಗಳಲ್ಲಿ ಕಡುಗೆಂಪು ಜೆರೇನಿಯಂ ಹೂಗಳು, ಊರಿನ ಸ್ಥಿತಿವಂತರ ತೋಟದವುಗಳಷ್ಟೇ ಅಕ್ಕರೆಯಿಂದ ಬೆಳೆಸಿದವು. ಅವು ಮಯೆಲ್ಲಾಳವು ಎಂದು ಜನ ಹೇಳುತ್ತಿದ್ದರು. ನೀವು ಅದನ್ನು ಮರೆಯದಿರುವುದೇ ಸರಿ, ಏಕೆಂದರೆ ಲೇಖಕಿಯೂ ಅದನ್ನು ನೀವು ಮರೆಯಬಾರದೆಂದೇ ಇಟ್ಟಿದ್ದಾರೆ.

ಅವಳಿಗೆ ಹತ್ತೊಂಬತ್ತೂವರೆ ವರ್ಷ, ಕೆಳಗೆ ಏಳು ಮಂದಿ ತಮ್ಮತಂಗಿಯರು, ಕುಡುಕ ತಂದೆ, ತಾಯಿ ತೀರಿಕೊಂಡಿದ್ದಾಳೆ. ಟಾಮ್‌ನನ್ನು ಮನೆಯೊಳಗೆ ಕರೆಯುವ ಆ ದಿನಕ್ಕಾಗಿ, ತಮ್ಮತಂಗಿಯರನ್ನೆಲ್ಲ ಐಸ್‌ಕ್ರೀಂ ತಿನ್ನಲು ಊರಿಗೆ ಕಳಿಸಲೆಂದು ಅವಳು ಐದು ಸೆಂಟಿನ ಏಳು ನಾಣ್ಯಗಳನ್ನು ಕೂಡಿಸಿಕೊಂಡಳು. ಮೂವತ್ತೈದು ಸೆಂಟು ಕೂಡಲು ಒಂದು ವರ್ಷ ಬೇಕಾಯಿತು. ಅವಳಿಗೆ ಬೇಕಾಗಿದ್ದುದು ಮನುಷ್ಯರ ಸಂಗ. ಅದನ್ನು ಕೊಟ್ಟಿದ್ದವನು ಟಾಮ್ ಒಬ್ಬನೇ. ಆದರೆ ಅವಳು ಅವನನ್ನು ಮುಟ್ಟಿದ್ದನ್ನು ತಂದೆ ಕಿಟಕಿಯಿಂದ ಕಂಡಾಗ, ಊರಿನ ಕಟ್ಟಳೆಯನ್ನು ಮುರಿದ ತನ್ನ ತಪ್ಪಿಗೆ ಇದ್ದ ಸಾಕ್ಷಿಯನ್ನು ಅವಳು ಇಲ್ಲವಾಗಿಸಬೇಕಾಯಿತು. ಆ ಸಾಕ್ಷಿ ಟಾಮ್. ಹೀಗೆಂದು ಆಟಿಕಸ್ ತಮ್ಮ ಕೊನೆಯ ವಾದದಲ್ಲಿ ನೇರವಾಗಿಯೇ ಹೇಳುತ್ತಾರೆ. ಮರುಗುತ್ತೇನೆ, ಆದರೆ ಇನ್ನೊಬ್ಬನ ಜೀವವನ್ನು ಪಣಕ್ಕಿಡುವಷ್ಟರ ಮಟ್ಟಿಗಲ್ಲ ಎಂದೂ ಸೇರಿಸುತ್ತಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ನಾನು ಗಮನ ಸೆಳೆಯಬಯಸುವುದು ಮತ್ತೊಂದು ಸಂಗತಿಗೆ. ಸಾಕ್ಷಿಕಟ್ಟೆಯಲ್ಲಿ ಆಟಿಕಸ್ ಅವಳನ್ನು ‘ಮಿಸ್ ಮಯೆಲ್ಲಾ’ ಎಂದೂ ‘ಮ್ಯಾಮ್’ ಎಂದೂ ಕರೆದಾಗ ಅವಳು ಸಿಡಿದೇಳುತ್ತಾಳೆ: ಇವರು ನನ್ನನ್ನು ಗೇಲಿ ಮಾಡುತ್ತಿದ್ದಾರೆ! ಹುಟ್ಟಿದಾಗಿನಿಂದ ಯಾರೂ ಅವಳನ್ನು ಬಹುವಚನದಲ್ಲಿ ಮಾತನಾಡಿಸಿಲ್ಲ ಎಂದು ಕನ್ನಡದವರಾದ ನಾವು ತಕ್ಷಣ ಹೇಳಿಬಿಡಬಹುದು. ಇಂಗ್ಲಿಷಿನ ಒಂದೇ ‘ಯೂ’ ಇದನ್ನು ಮುಚ್ಚಿಡುತ್ತದೆ. ನಿಮಗೆ ಸ್ನೇಹಿತರಿದ್ದಾರೆಯೇ ಎಂದರೆ ಆ ಪದವೇ ಅವಳಿಗೆ ಹೊಸತು. ಈಗ ವಿಚಿತ್ರವನ್ನು ನೋಡಿ: ಲೋಕದಲ್ಲಿ ಅವಳನ್ನು ಮೊದಲಿನಿಂದಲೂ ಬಹುವಚನದಲ್ಲಿ ಮಾತನಾಡಿಸುತ್ತಿದ್ದವನು, ಬೇಲಿಯಾಚೆ ಟೋಪಿ ಎತ್ತಿ ನಮಸ್ಕರಿಸುತ್ತಿದ್ದವನು ಟಾಮ್. ಅವನ ಮರ್ಯಾದೆಯನ್ನು ಅವಳು ಗೇಲಿ ಎಂದುಕೊಳ್ಳಲಿಲ್ಲ, ಏಕೆಂದರೆ ಅದು ತನ್ನ ಬಣ್ಣಕ್ಕೆ ಸಲ್ಲಬೇಕಾದ ಕಪ್ಪಕಾಣಿಕೆ ಎಂದು ಅವಳಿಗೆ ಗೊತ್ತಿತ್ತು. ಅವಳ ತಂದೆ ಬಾಬ್ ಯೂವೆಲ್‌ನ ವಿಷಯದಲ್ಲಿ ಸ್ಕೌಟ್ ಒಂದು ಮಾತು ಹೇಳುತ್ತಾಳೆ. ನೆರೆಯ ಕಪ್ಪು ಜನರಿಗಿಂತ ಅವನಲ್ಲಿ ಹೆಚ್ಚಿನದೇನಾದರೂ ಇದ್ದರೆ, ಬಿಸಿನೀರು ಹಾಕಿ ಕ್ಷಾರದ ಸೋಪಿನಲ್ಲಿ ತಿಕ್ಕಿದಾಗ ಕೆಳಗಿನಿಂದ ಕಾಣುವ ಬಿಳಿಯ ಚರ್ಮ ಅಷ್ಟೇ. ಆ ಮನೆಯ ಒಟ್ಟು ಆಸ್ತಿ ಅದು. ಆಸ್ತಿಯನ್ನು ಕಾಯ್ದುಕೊಳ್ಳಲೆಂದು ಅವರು ನ್ಯಾಯಾಲಯಕ್ಕೆ ಬಂದರು.

ಅದೇ ಊರಿನಲ್ಲಿ ಡಾಲ್ಫಸ್ ರೇಮಂಡ್ ಎಂಬ ಬಿಳಿಯ ಜಮೀನುದಾರ ಕಪ್ಪು ಹೆಂಗಸಿನೊಡನೆ ರಾಜಾರೋಷವಾಗಿ ಸಂಸಾರ ಮಾಡಿಕೊಂಡಿದ್ದಾನೆ. ಕಾಗದದ ಚೀಲದಲ್ಲಿ ಕೋಕಾಕೋಲಾ ಬಾಟಲಿ ಇಟ್ಟುಕೊಂಡು, ಕುಡಿದವನಂತೆ ತೂರಾಡಿ, ‘ಪಾಪ, ಹೆಂಡ ಅವನಿಂದ ಹೀಗೆ ಮಾಡಿಸುತ್ತಿದೆ’ ಎಂದುಕೊಳ್ಳಲು ಊರಿಗೆ ಒಂದು ನೆಪ ಒದಗಿಸಿದ್ದಾನೆ. ನದಿಯ ದಡದ ಜಮೀನು, ಹಳೆಯ ಮನೆತನದ ಹೆಸರು ಇದ್ದವನಿಗೆ ಆ ನೆಪ ಸಾಕಾಗುತ್ತದೆ. ತಿಪ್ಪೆಯ ಹಿಂದಿನ ಹುಡುಗಿಗೆ ಸಾಕಾಗುವುದಿಲ್ಲ.

ಪ್ರಶ್ನೆ: ಫಿಂಚ್ ಮನೆಯ ಅಡುಗೆಯ ಕಪ್ಪು ಹೆಂಗಸು ಕ್ಯಾಲ್ಪರ್ನಿಯಾ ತನ್ನ ಚರ್ಚಿಗೆ ಹೋದಾಗ ಬೇರೆಯೇ ಬಗೆಯ ಇಂಗ್ಲಿಷ್ ಮಾತನಾಡುತ್ತಾಳೆ. ಇದು ಬೂಟಾಟಿಕೆಯಲ್ಲವೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಶಾಲೆಯಲ್ಲಿ ಗ್ರಾಂಥಿಕ ಕನ್ನಡದಲ್ಲಿ ಪಾಠ ಹೇಳಿ, ಮನೆಗೆ ಹೋದಮೇಲೆ ಧಾರವಾಡದ ಮಾತಿಗೆ ಹೊರಳುವ ನೀವು ಇದನ್ನು ಬೂಟಾಟಿಕೆ ಎನ್ನಬಹುದೇ ಗುರುಗಳೇ? ತಮಾಷೆಗೆ ಹೇಳಿದೆ. ಆದರೂ ನಿಮಗೂ ಅವಳಿಗೂ ಒಂದು ವ್ಯತ್ಯಾಸವಿದೆ: ನೀವು ಯಾವ ಮಾತನ್ನು ಎಲ್ಲಿ ಆಡಿದರೂ ಪೆಟ್ಟು ಬೀಳುವುದಿಲ್ಲ.

ಕ್ಯಾಲ್ಪರ್ನಿಯಾ ಓದು ಕಲಿತವಳು. ತನ್ನ ಮಗ ಜೀಬೋನಿಗೆ ಅವಳು ಅಕ್ಷರ ಕಲಿಸಿದ್ದು ಬೈಬಲ್‌ನಿಂದ ಮತ್ತು ಸ್ಕೌಟ್‌ಳ ಅಜ್ಜ ಕೊಟ್ಟಿದ್ದ ಬ್ಲ್ಯಾಕ್‌ಸ್ಟೋನ್‌ನ ಕಾನೂನು ಗ್ರಂಥದಿಂದ. ಹನ್ನೆರಡನೆಯ ಅಧ್ಯಾಯದಲ್ಲಿ ಅವಳು ಮಕ್ಕಳಿಬ್ಬರನ್ನೂ ತನ್ನ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಗುಲಾಮಗಿರಿಯಿಂದ ಬಿಡುಗಡೆಯಾದವರು ತಮ್ಮ ಮೊದಲ ಸಂಪಾದನೆಯಲ್ಲಿ ಕೊಂಡದ್ದರಿಂದ ಅದಕ್ಕೆ ‘ಮೊದಲ ಖರೀದಿ’ ಎಂದೇ ಹೆಸರು. ಅಲ್ಲಿ ಪ್ರಾರ್ಥನಾಗೀತೆಯ ಪುಸ್ತಕಗಳಿಲ್ಲ, ಇದ್ದರೂ ಓದಬಲ್ಲವರು ನಾಲ್ಕೇ ಮಂದಿ. ಆದ್ದರಿಂದ ಜೀಬೋ ಒಂದೊಂದೇ ಸಾಲನ್ನು ಓದಿ ಹೇಳುತ್ತಾನೆ, ಮಂದಿಯೆಲ್ಲ ಅದನ್ನೇ ರಾಗವಾಗಿ ಹಾಡುತ್ತಾರೆ. ನಮ್ಮ ಭಜನಾ ಮಂಡಳಿಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಹಿಡಿದು ಹಾಡುವಂತೆ. ಓದು ಸಿಗದಂತೆ ಮಾಡಿದ ವ್ಯವಸ್ಥೆಯ ಗುರುತು ಅದು, ಅದರೊಳಗೇ ಬದುಕು ಕಟ್ಟಿಕೊಂಡವರ ಜಾಣ್ಮೆಯೂ ಹೌದು.

ಏಕೆ ಎರಡು ಬಗೆಯ ಮಾತು ಎಂದು ಸ್ಕೌಟ್ ಕೇಳಿದಾಗ ಕ್ಯಾಲ್ಪರ್ನಿಯಾ ಕೊಡುವ ಉತ್ತರದ ಸಾರ ಇಷ್ಟು: ತಮಗಿಂತ ಹೆಚ್ಚು ತಿಳಿದವರು ಹತ್ತಿರದಲ್ಲಿರುವುದು ಜನಕ್ಕೆ ಹಿಡಿಸುವುದಿಲ್ಲ, ಅವರಿಗೆ ಕಲಿಯುವ ಮನಸ್ಸಿಲ್ಲದಿದ್ದರೆ ಒಂದೋ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವೇ ಅವರ ಮಾತನ್ನೇ ಆಡಬೇಕು. ಅದೇ ಚರ್ಚಿನ ಬಾಗಿಲಲ್ಲಿ ಲೂಲಾ ಎಂಬ ಹೆಂಗಸು ಅವಳನ್ನು ತಡೆಯುತ್ತಾಳೆ: ಬಿಳಿಯರ ಮಕ್ಕಳನ್ನು ನಮ್ಮ ಚರ್ಚಿಗೆ ಏಕೆ ತಂದೆ? ಇವರು ನನ್ನ ಅತಿಥಿಗಳು ಎನ್ನುತ್ತಾಳೆ ಕ್ಯಾಲ್ಪರ್ನಿಯಾ. ಹೌದೌದು, ವಾರವೆಲ್ಲ ನೀನೂ ಫಿಂಚ್ ಮನೆಯಲ್ಲಿ ಅತಿಥಿಯೇ ಇರಬೇಕು ಎಂದು ಲೂಲಾ ಕುಟುಕುತ್ತಾಳೆ. ಬಹಳ ಮಂದಿ ಲೂಲಾಳನ್ನು ‘ತಿರುಗುಮುರುಗು ವರ್ಣದ್ವೇಷಿ’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ನನಗೆ ಮಾತ್ರ ಇಡೀ ಕಾದಂಬರಿಯಲ್ಲಿ ನೆಟ್ಟಗೆ ಮಾತನಾಡಿದ ಕಪ್ಪು ಹೆಂಗಸು ಅವಳೊಬ್ಬಳೇ ಅನ್ನಿಸುತ್ತದೆ. ಲೇಖಕಿ ಅವಳನ್ನು ಬೇಗನೆ ಆಚೆ ಕಳಿಸಿಬಿಡುತ್ತಾರೆ.

ಪ್ರಶ್ನೆ: ಇದು ನಡೆದ ಘಟನೆಯೇ?
– ಓದುಗರು, ಕೊಪ್ಪಳ

ಉತ್ತರ: ಟಾಮ್ ರಾಬಿನ್ಸನ್ ಕಲ್ಪಿತ ಪಾತ್ರ. ಆದರೆ ಅಂಥ ಮೊಕದ್ದಮೆಗಳು ಕಲ್ಪಿತವಲ್ಲ. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಸರಕು ರೈಲೊಂದರಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಸ್ಕಾಟ್ಸ್‌ಬರೋ ಪಟ್ಟಣದಲ್ಲಿ ವಿಚಾರಣೆ ನಡೆಸಿ ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಆರೋಪ ಮಾಡಿದ್ದ ಇಬ್ಬರಲ್ಲಿ ಒಬ್ಬಳು 1933ರಲ್ಲಿ ತನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆದಳು. ವರ್ಷಗಟ್ಟಲೆ ನಡೆದ ಮೇಲ್ಮನವಿಗಳಿಂದ ಯಾರಿಗೂ ಗಲ್ಲಾಗಲಿಲ್ಲವಾದರೂ ಹರಯವೆಲ್ಲ ಸೆರೆಮನೆಯಲ್ಲೇ ಕಳೆಯಿತು. ಕೊನೆಯ ಮೂವರಿಗೆ ಅಲಬಾಮಾ ಕ್ಷಮಾದಾನ ಕೊಟ್ಟದ್ದು ಅವರೆಲ್ಲ ಸತ್ತ ಮೇಲೆ, 2013ರಲ್ಲಿ. ಇದೇ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಪ್ಪು ಜನರನ್ನು ಜ್ಯೂರಿಯಿಂದ ವ್ಯವಸ್ಥಿತವಾಗಿ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1935ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಕಾದಂಬರಿಯಲ್ಲಿ ಟಾಮ್‌ನ ವಿಚಾರಣೆ ನಡೆಯುವುದು ಅದೇ 1935ರ ಬೇಸಿಗೆಯಲ್ಲಿ, ಹನ್ನೆರಡೂ ಮಂದಿ ಬಿಳಿಯ ಗಂಡಸರ ಮುಂದೆ. ದೆಹಲಿಯ ಆದೇಶ ತಾಲ್ಲೂಕಿಗೆ ಬರಲು ಎಷ್ಟು ಹೊತ್ತಾಗುತ್ತದೆಂದು ಬಲ್ಲ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಇನ್ನು ಹೆಂಗಸರಿಗೆ ಆ ರಾಜ್ಯದ ಜ್ಯೂರಿಯಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1966ರ ಕೋರ್ಟ್ ತೀರ್ಪಿನ ನಂತರವೇ.

ಲೇಖಕಿ ಹುಟ್ಟಿ ಬೆಳೆದದ್ದು ಅಲಬಾಮಾದ ಮನ್ರೋವಿಲ್‌ನಲ್ಲಿ. ತಂದೆ ವಕೀಲರು. ಸ್ಕಾಟ್ಸ್‌ಬರೋ ಹುಡುಗರನ್ನು ಹಿಡಿದಾಗ ಆಕೆಗೆ ಐದು ತುಂಬಿರಲಿಲ್ಲ.

ಪ್ರಶ್ನೆ: ಕಪ್ಪು ಜನರ ಸಂಕಟವನ್ನು ಬಿಳಿಯ ವಕೀಲರ ಹಿರಿಮೆಯನ್ನು ತೋರಿಸಲು ಬಳಸಿಕೊಂಡ ಕಾದಂಬರಿ ಇದು ಎಂಬ ಟೀಕೆಯನ್ನು ಓದಿದೆ. ನಿಮ್ಮ ಅಭಿಪ್ರಾಯವೇನು?
– ಉಪನ್ಯಾಸಕರು, ಕಲಬುರಗಿ

ಉತ್ತರ: ಟೀಕೆಯಲ್ಲಿ ಹುರುಳಿದೆ. ಆಟಿಕಸ್ ಸಜ್ಜನರು, ಆದರೆ ತಮ್ಮ ಊರಿನ ಕಟ್ಟಳೆಯನ್ನು ಮುರಿಯುವ ಉದ್ದೇಶ ಅವರಿಗಿಲ್ಲ. ಅದರೊಳಗೇ ಒಬ್ಬನನ್ನು ಉಳಿಸಬಹುದೇ ಎಂದು ನೋಡುತ್ತಾರೆ. ಸೆರೆಮನೆಯ ಮುಂದೆ ಟಾಮ್‌ನನ್ನು ಕೊಲ್ಲಲು ಬಂದ ಗುಂಪಿನ ಮುಖಂಡನನ್ನೂ, ಮೂಲತಃ ಒಳ್ಳೆಯವನೇ, ನಮ್ಮೆಲ್ಲರ ಹಾಗೆ ಅವನಿಗೂ ಕಾಣದ ಮೂಲೆಗಳಿವೆ ಎಂದು ಮಕ್ಕಳಿಗೆ ವಿವರಿಸುತ್ತಾರೆ. ಅದನ್ನು ಕಾಣದ ಮೂಲೆ ಎನ್ನಬೇಡಿ, ನಿನ್ನೆ ರಾತ್ರಿ ಅವನು ನಿಮ್ಮನ್ನೇ ಕೊಂದುಬಿಡುತ್ತಿದ್ದ ಎಂದು ಜೆಮ್ ತಂದೆಗೆ ಹೇಳುತ್ತಾನೆ. ಹುಡುಗನ ಮಾತೇ ಹೆಚ್ಚು ಸರಿ. ಈ ಕಾದಂಬರಿಗಿಂತ ಮೊದಲೇ ಬರೆದು 2015ರಲ್ಲಿ ಪ್ರಕಟವಾದ ಲೀ ಅವರ ಇನ್ನೊಂದು ಕೃತಿಯಲ್ಲಿ, ವಯಸ್ಸಾದ ಆಟಿಕಸ್ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವುದನ್ನು ವಿರೋಧಿಸುತ್ತಾರೆ. ಹಲವು ಅಭಿಮಾನಿಗಳಿಗೆ ಇದರಿಂದ ಆಘಾತವಾಯಿತು. ಮೇಲೆ ಹೇಳಿದ ಮಾತುಗಳನ್ನು ಗಮನವಿಟ್ಟು ಓದಿದ್ದವರಿಗೆ ಅಷ್ಟೇನೂ ಆಗಬೇಕಿರಲಿಲ್ಲ.

ಟಾಮ್ ಸಾಯುವ ಸುದ್ದಿ ಬರುವ ಬಗೆಯನ್ನೂ ನೋಡಿ. ಸೆರೆಮನೆಯ ಬೇಲಿ ಹತ್ತಿ ಓಡಲು ಹೋದಾಗ ಕಾವಲುಗಾರರು ಅವನಿಗೆ ಗುಂಡು ಹಾರಿಸಿದರು, ಮೈಮೇಲೆ ಹದಿನೇಳು ಗುಂಡಿನ ತೂತುಗಳು. ಅಷ್ಟು ಹಾರಿಸಬೇಕಾಗಿರಲಿಲ್ಲ ಎನ್ನುತ್ತಾರೆ ಆಟಿಕಸ್. ಈ ಸುದ್ದಿ ಬರುವುದು ಫಿಂಚ್‌ರ ಅಡುಗೆಮನೆಗೆ. ಪಕ್ಕದ ಕೋಣೆಯಲ್ಲಿ ಬಿಳಿಯ ಹೆಂಗಸರು ಕಾಫಿ ಕುಡಿಯುತ್ತ, ದೂರದ ಆಫ್ರಿಕದ ಬುಡಕಟ್ಟೊಂದರ ಬಡತನಕ್ಕೆ ಕಣ್ಣೀರಿಡುತ್ತ, ತಮ್ಮ ಅಡುಗೆಯವಳು ತೀರ್ಪಿನ ನಂತರ ಮುಖ ಗಂಟಿಕ್ಕಿಕೊಂಡಿದ್ದಾಳೆಂದು ದೂರುತ್ತ ಕುಳಿತಿದ್ದಾರೆ. ಕ್ಷಣ ಹೊತ್ತು ಗೋಡೆಗೊರಗಿ ನಿಂತ ಮನೆಯವರು ಮತ್ತೆ ತಟ್ಟೆ ಹಿಡಿದು ಹೊರಗೆ ಬಂದು ಬಿಸ್ಕತ್ತು ಹಂಚುತ್ತಾರೆ. ಅದ್ಭುತವಾದ ದೃಶ್ಯ, ಆದರೆ ಅದು ಬಿಳಿಯ ಹೆಂಗಸರ ಸಂಯಮದ ದೃಶ್ಯ. ಟಾಮ್‌ನ ಹೆಂಡತಿ ಹೆಲೆನ್‌ಗೆ ಸುದ್ದಿ ಮುಟ್ಟಿಸುವುದನ್ನು ನಾವು ನೋಡುವುದು ಮೂರನೆಯವರ ಬಾಯಿಂದ: ಡಿಲ್ ಎಂಬ ಹುಡುಗ ಜೆಮ್‌ನ ಜೊತೆ ಕಾರಿನಲ್ಲಿ ಹೋಗಿದ್ದವನು, ಯಾರೋ ದೈತ್ಯ ಬಂದು ಇರುವೆಯನ್ನು ಹೊಸಕಿದಂತೆ ಅವಳು ಮಣ್ಣಿಗೆ ಕುಸಿದಳು ಎಂದು ಸ್ಕೌಟ್‌ಗೆ ಹೇಳುತ್ತಾನೆ. ಬರಮಾಡಿಕೊಳ್ಳುವ ಒಂದೆರಡು ಮಾತಿನ ಆಚೆಗೆ ಹೆಲೆನ್ ಏನನ್ನೂ ಆಡುವುದಿಲ್ಲ. ಮುಂದೆ ಕೆಲಸಕ್ಕೆ ಹೋಗುವಾಗ ಯೂವೆಲ್‌ಗಳ ಮನೆಯ ಮುಂದೆ ಹಾಯಲಾರದೆ ಸುಮಾರು ಒಂದು ಮೈಲಿ ಸುತ್ತಿ ನಡೆಯುತ್ತಾಳೆ. ಆ ಒಂದು ಮೈಲಿಯನ್ನು ಹೆಲೆನ್‌ಳ ಜೊತೆ ನಡೆದ ಕಾದಂಬರಿ ಇದಾಗಿದ್ದರೆ ಎಂದು ನನಗೆ ಹಲವು ಸಲ ಅನ್ನಿಸಿದೆ.

ಹಾಗೆಂದು ಕೃತಿಯನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಿಳಿಯರ ಮನೆಯ ಮಗುವೊಂದು ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂಬುದರ ಕಥೆ ಇದು. ಕಾಣದ್ದನ್ನು ಕಂಡಂತೆ ಬರೆದಿದ್ದರೆ ಅದು ಇನ್ನೊಂದು ಬಗೆಯ ಸುಳ್ಳಾಗುತ್ತಿತ್ತು.

ಪ್ರಶ್ನೆ: ಅಲ್ಲಿನ ವರ್ಣಭೇದ, ಇಲ್ಲಿನ ಜಾತಿಭೇದ ಎರಡೂ ಒಂದೇ ಅಲ್ಲವೇ?
– ಓದುಗರು, ಕೋಲಾರ

ಉತ್ತರ: ‘ವರ್ಣ’ ಎಂಬ ಪದವೇ ನಮ್ಮಲ್ಲಿ ಎರಡನ್ನೂ ಸೂಚಿಸುವುದರಿಂದ ಈ ಪ್ರಶ್ನೆ ಸಹಜ. ಅಂಬೇಡ್ಕರ್ ಅವರು 1946ರಲ್ಲಿ ಕಪ್ಪು ಜನಾಂಗದ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಪ್ರಸ್ತಾಪಿಸಿದ್ದರು. ಹೋಲಿಕೆಯಿದೆ, ಆದರೆ ಒಂದೇ ಅಲ್ಲ. ಕ್ಯಾಲ್ಪರ್ನಿಯಾ ಬಿಳಿಯರ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಾಳೆ, ಅವರ ಮಕ್ಕಳಿಗೆ ಉಣಿಸುತ್ತಾಳೆ. ಅವಳ ಕೈ ಅಡುಗೆಗೆ ಮೈಲಿಗೆಯಿಲ್ಲ, ಅವಳು ಮುಂದಿನ ಬೆಂಚಿನಲ್ಲಿ ಕೂರುವುದಕ್ಕೆ ಅಡ್ಡಿ. ನಮ್ಮ ಊರುಗಳಲ್ಲಿ ಮೊದಲು ಮುಚ್ಚಿದ್ದು ಅಡುಗೆಮನೆಯ ಬಾಗಿಲು. ಈ ವ್ಯತ್ಯಾಸವನ್ನು ಇಟ್ಟುಕೊಂಡು ಓದಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಪ್ರಶ್ನೆ: ಇಲ್ಲಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಗಳಿಗೆ ಈ ಕಾದಂಬರಿ ಪಠ್ಯವಾಗಿದೆ. ಅದರಲ್ಲಿ ಕಪ್ಪು ಜನರನ್ನು ಹಳಿಯುವ ಆ ಕೆಟ್ಟ ಪದ ಹಲವು ಸಲ ಬರುತ್ತದೆ. ಮನೆಯಲ್ಲಿ ಕನ್ನಡದಲ್ಲಿ ವಿವರಿಸಲು ಹೋಗಿ ‘ಕರಿಯ’ ಎಂದೆ. ಅವಳು, ಅಷ್ಟೇನಾ ಅಪ್ಪ ಎಂದಳು. ಇಂಥ ಪುಸ್ತಕ ಮಕ್ಕಳಿಗೆ ಬೇಕೇ?
– ಕನ್ನಡಿಗ ತಂದೆ, ನ್ಯೂಜೆರ್ಸಿ

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಕೇಳಿದ್ದಾಳೆ. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೂ ದೇವರಿಗೂ ಹೆಸರಿಡುವ ನಮ್ಮ ಭಾಷೆಯಲ್ಲಿ ‘ಕರಿಯ’ ಎಂಬುದು ಬೈಗುಳವಾಗಬಹುದು, ಆದರೆ ಅದರ ಹಿಂದೆ ಗುಲಾಮರ ಹರಾಜು, ಮರಕ್ಕೆ ನೇತುಹಾಕಿದ ಹೆಣ ಇವು ನಿಂತಿಲ್ಲ. ಅವಳಿಗೆ ಆ ಪದದ ಅನುವಾದವನ್ನು ಕೊಡಬೇಡಿ. ಟಾಮ್‌ನನ್ನು ಗಿಲ್ಮರ್ ‘ಬಾಯ್’ ಎಂದು ಕರೆಯುವ ಪುಟವನ್ನು ತೋರಿಸಿ, ಮೂರು ಮಕ್ಕಳ ತಂದೆಯನ್ನು ತುಂಬಿದ ಸಭೆಯಲ್ಲಿ ‘ಏ ಹುಡುಗ, ಬಾರೋ’ ಎಂದರೆ ಹೇಗಿರುತ್ತದೆಂದು ಕೇಳಿ. ಆ ಪ್ರಶ್ನೋತ್ತರವನ್ನು ಕೇಳಲಾರದೆ ಡಿಲ್ ಅತ್ತುಬಿಡುತ್ತಾನೆ, ಸ್ಕೌಟ್ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಕೆಟ್ಟ ಪದ ಒಂದೂ ಇಲ್ಲದೆಯೂ ಮನುಷ್ಯನನ್ನು ಹೇಗೆ ಹೊಲಸು ಮಾಡಬಹುದೆಂದು ನಿಮ್ಮ ಮಗಳಿಗೆ ಅಲ್ಲಿ ತಿಳಿಯುತ್ತದೆ.

ಶಾಲೆಗಳಿಗೂ ಈ ಪುಸ್ತಕಕ್ಕೂ ಜಗಳ ಹಳೆಯದು. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಇದನ್ನು ಅನೈತಿಕವೆಂದಾಗ, ಆ ಮಂಡಳಿಯನ್ನೇ ಯಾವುದಾದರೂ ಒಂದನೆಯ ತರಗತಿಗೆ ಸೇರಿಸಲು ಖರ್ಚಿಗಿರಲಿ ಎಂದು ಲೀ ಅವರು ಪತ್ರಿಕೆಯೊಂದಕ್ಕೆ ಸ್ವಲ್ಪ ಹಣ ಕಳಿಸಿದ್ದರು. 2017ರಲ್ಲಿ ಮಿಸಿಸಿಪ್ಪಿಯ ಬಿಲಾಕ್ಸಿ ಶಾಲೆಗಳು ಎಂಟನೆಯ ತರಗತಿಯ ಪಾಠದಿಂದ ಇದನ್ನು ತೆಗೆದಾಗಿನ ಕಾರಣ ಬೇರೆ: ಅದರ ಭಾಷೆಯಿಂದ ಜನರಿಗೆ ಮುಜುಗರವಾಗುತ್ತದೆ ಎಂಬುದು. ಈ ಎರಡನೆಯ ಆಕ್ಷೇಪವನ್ನು ನಾನು ನಗೆಯಾಡಲಾರೆ. ತರಗತಿಯಲ್ಲಿ ಒಬ್ಬಳೇ ಕಪ್ಪು ಹುಡುಗಿ ಕುಳಿತಿರುವಾಗ ಆ ಪದವನ್ನು ಗಟ್ಟಿಯಾಗಿ ಓದಿ ಹೇಳುವ ಶಿಕ್ಷಕರು ಮೊದಲು ಅವಳ ಮುಖವನ್ನು ನೋಡಬೇಕು.

ಮನೆಯಲ್ಲಿ ಅವಳ ಜೊತೆ ಕುಳಿತು ಓದುವುದಾದರೆ ಇಪ್ಪತ್ತಾರನೆಯ ಅಧ್ಯಾಯದಿಂದ ಆರಂಭಿಸಿ. ಅದು ಬರಿಯ ಕೆಲವು ಪುಟ, ನಡೆಯುವುದೂ ತರಗತಿಯಲ್ಲೇ. ಶಿಕ್ಷಕಿ ಮಿಸ್ ಗೇಟ್ಸ್, ಹಿಟ್ಲರನು ಯಹೂದಿಗಳಿಗೆ ಕೊಡುತ್ತಿರುವ ಹಿಂಸೆಯನ್ನು ಖಂಡಿಸಿ, ‘ನಮ್ಮದು ಪ್ರಜಾಪ್ರಭುತ್ವ’ ಎಂದು ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಇಲ್ಲಿ ಯಾರನ್ನೂ ಹಿಂಸಿಸುವುದಿಲ್ಲ ಎಂದು ಪಾಠ ಮಾಡುತ್ತಾರೆ. ಆದರೆ ಟಾಮ್‌ನ ತೀರ್ಪಿನ ರಾತ್ರಿ ಕೋರ್ಟಿನ ಮೆಟ್ಟಿಲಿಳಿಯುವಾಗ ಅದೇ ಶಿಕ್ಷಕಿ, ಇವರಿಗೊಂದು ಪಾಠ ಕಲಿಸಬೇಕಾಗಿತ್ತು, ಮುಂದೆ ನಮ್ಮನ್ನೇ ಮದುವೆಯಾಗುತ್ತೇವೆ ಎಂದಾರು ಎಂದು ಆಡಿದ್ದನ್ನು ಸ್ಕೌಟ್ ಕೇಳಿಸಿಕೊಂಡಿರುತ್ತಾಳೆ. ಹಿಟ್ಲರನನ್ನು ಅಷ್ಟೊಂದು ದ್ವೇಷಿಸುವವರು ಊರಿನವರ ಮೇಲೆ ಹೀಗೇಕೆ ಎಂದು ಅವಳು ಅಣ್ಣನ ಕೋಣೆಗೆ ಹೋಗಿ ಕೇಳುತ್ತಾಳೆ. ಜೆಮ್ ಉತ್ತರ ಕೊಡುವುದಿಲ್ಲ. ಅವಳ ಕತ್ತುಪಟ್ಟಿ ಹಿಡಿದು ಅಲುಗಾಡಿಸಿ, ಆ ಕೋರ್ಟಿನ ಮಾತನ್ನು ಇನ್ನೆಂದೂ ಎತ್ತಬೇಡ ಎಂದು ಕೂಗಿ ಹೊರಗೆ ಅಟ್ಟುತ್ತಾನೆ. ಜೆಮ್‌ಗೆ ಆಗ ಹದಿಮೂರು ತುಂಬುತ್ತ ಬಂದಿತ್ತು, ನಿಮ್ಮ ಮಗಳಿಗಿಂತ ಒಂದೆರಡು ವರ್ಷ ಚಿಕ್ಕವನು. ಅವನಿಗೆ ಅಷ್ಟು ಸಿಟ್ಟು ಯಾರ ಮೇಲೆ ಬಂದಿತು ಎಂದು ಅವಳನ್ನು ಕೇಳಿ. ಅವಳು ಹೇಳಿದ್ದನ್ನು ನಮಗೂ ಬರೆಯಿರಿ.